ಗುಹೆಯೊಳಗಿನ ಉಸಿರು

ನನ್ನ ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಏಳುವಷ್ಟರಲ್ಲಿ ನನ್ನ ಭಾಮೈದ ಬಾಗಿಲು ತಟ್ಟಿದ. ಅವಳ ಒಬ್ಬನೇ ತಮ್ಮ. ಸಿನಿಮಾಗಳಿಗೆ ಸದ್ದು ಕೂರಿಸುವುದು ಅವನ ಕಸುಬು. ಸ್ಟುಡಿಯೊದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಾರೆ. ಬೀದಿಯಲ್ಲಿ ಎರಡು ಸಲ ಕೂಗಿದರೂ ತಿರುಗಿ ನೋಡದವನಿಗೆ ಆ ಹೆಸರನ್ನು ಯಾರಿಟ್ಟರೋ ನನಗೆ ತಿಳಿಯದು.

“ಭಾವ, ನಿಮ್ಮ ಕಿವಿ ಸ್ವಲ್ಪ ಬೇಕಾಗಿತ್ತು,” ಎಂದ.

“ನಿನ್ನದಕ್ಕೆ ಏನಾಯ್ತು?”

“ನನ್ನದು ಜಾಗದಲ್ಲೇ ಇದೆ. ಅಕ್ಕನ ಹಳೇ ಕರಡಿ ಸಿನಿಮಾ ಇದೆಯಲ್ಲ, ಅದನ್ನ ತೊಳೆದು ಬಳಿದು ಮತ್ತೆ ತೋರಿಸ್ತಾರಂತೆ. ಅದರಲ್ಲಿ ಯಾವ ಸದ್ದು ಕಾಡಿನದು, ಯಾವುದು ಅಕ್ಕನ ಕೈಯದು ಅಂತ ಒಂದೊಂದಾಗಿ ಹೇಳಬೇಕು. ಆಗ ನಾನಿನ್ನೂ ಈ ಕೆಲಸಕ್ಕೆ ಸೇರಿರಲಿಲ್ಲ. ನಿಮ್ಮ ಅಂಗಡಿಯಿಂದ ಚರ್ಮ, ರಟ್ಟು, ಅಂಟು ಅಂತ ಹೊತ್ತುಕೊಂಡು ಬರ್ತಾ ಇದ್ದವರು ನೀವೇ ತಾನೇ?”

ಅದು ನಿಜ. ಪುಸ್ತಕಗಳಿಗೆ ರಟ್ಟು ಕಟ್ಟುವುದು ನನ್ನ ಕೆಲಸವಾಗಿತ್ತು. ಮದುವೆಯಾದ ಹೊಸದರಲ್ಲಿ, ಅಂಗಡಿಯ ಮೂಲೆಯಲ್ಲಿ ಬಿದ್ದ ಚರ್ಮದ ಚೂರುಗಳನ್ನು ಇವಳು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದನ್ನು ಕಂಡು, ತವರಿಗೆ ಸಾಗಿಸುತ್ತಿದ್ದಾಳೇನೋ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಆ ಚೂರುಗಳೇ ಹದ್ದಿನ ರೆಕ್ಕೆಗಳಾಗಿ ತೆರೆಯ ಮೇಲೆ ಹಾರುತ್ತಿದ್ದವು. ಇವಳ ಕೆಲಸ ಅದು. ಮೂಕಚಿತ್ರವನ್ನು ಮುಂದೆ ಓಡಿಸುತ್ತಿದ್ದರು, ಇವಳು ಮೈಕಿನ ಮುಂದೆ ನಿಂತು ಅದಕ್ಕೆ ತಕ್ಕ ಸದ್ದು ಮಾಡುತ್ತಿದ್ದಳು. ಬೆಂಕಿ ಉರಿಯಬೇಕಾದರೆ ಉಡುಗೊರೆಗೆ ಸುತ್ತುವ ಚರಪರ ಕಾಗದವನ್ನು ಮುದುರುತ್ತಿದ್ದಳು. ಕರಡಿ ಜೇನು ನೆಕ್ಕಬೇಕಾದರೆ ನನ್ನ ಅಂಟಿನ ಡಬ್ಬಿಯೊಳಗೆ ಎರಡು ಬೆರಳು ಅದ್ದುತ್ತಿದ್ದಳು.

ಜೀವಮಾನವಿಡೀ ಮೈಕಿನ ಮುಂದೆ ನಿಂತವಳ ಮಾತು ಮಾತ್ರ ಎಲ್ಲೂ ಉಳಿದಿಲ್ಲ. ಆ ಕೋಣೆಯಲ್ಲಿ ಮಾತು ನಿಷಿದ್ಧ. ಅದು ಅವಳಿಗೆ ರಕ್ತಗತವಾಗಿತ್ತು. ಮಗಳು ಮೊಬೈಲಿನಲ್ಲಿ ತೆಗೆದ ಅಷ್ಟೂ ವಿಡಿಯೊಗಳಲ್ಲಿ, ಕ್ಯಾಮೆರಾ ತನ್ನ ಕಡೆ ತಿರುಗಿದ ಕೂಡಲೇ ತುಟಿಯ ಮೇಲೆ ಬೆರಳಿಟ್ಟು ನಗುತ್ತಾ ನಿಲ್ಲುತ್ತಾಳೆ.

ಆ ದಿನವೇ ಭಾಮೈದನ ಜೊತೆ ಸ್ಟುಡಿಯೊಗೆ ಹೋದೆ. ಸದ್ದಿನ ಕೋಣೆಯಲ್ಲಿ ಮೊದಲು ಹೆಜ್ಜೆ ಸದ್ದು ಮಾಡಲೆಂದು ನೆಲದ ತುಂಬ ಸಣ್ಣ ಸಣ್ಣ ಅಂಕಣಗಳಿದ್ದವು. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣ ಎಲೆ, ಇನ್ನೊಂದರಲ್ಲಿ ಕಿರುಗುಟ್ಟುವ ಹಲಗೆ. ಈಗ ಅವುಗಳಲ್ಲಿ ಅರ್ಧಕ್ಕೆ ಹಲಗೆ ಮುಚ್ಚಿ ಮೇಲೆ ಕಂಪ್ಯೂಟರ್ ಇಟ್ಟಿದ್ದಾರೆ. ಗೋಡೆಯ ದಪ್ಪ ಬಟ್ಟೆ ಮಾತ್ರ ಹಾಗೇ ಇದೆ. ಆ ಬಟ್ಟೆ ಮಾತನ್ನು ಹೀರಿಕೊಳ್ಳುತ್ತದೆ. ಅಲ್ಲಿ ಕೆಮ್ಮಿದರೂ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದಂತೆ ಕೇಳುತ್ತದೆ.

ನಿರ್ದೇಶಕಿ ಎದ್ದು ಬಂದು ಕೈ ಹಿಡಿದುಕೊಂಡಳು. ಹಳೆಯ ಚಿತ್ರವನ್ನು ತೆಗೆದವನು ಅವಳ ತಂದೆ. ಆತನೂ ಈಗಿಲ್ಲ. ಚಿಕ್ಕಂದಿನಲ್ಲಿ ಇದೇ ಮರಳಿನಲ್ಲಿ ಆಡಿದ ಹುಡುಗಿ, ನನ್ನ ಹೆಂಡತಿಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ಹಾಗಾಗಿ ನಾನು ದೊಡ್ಡಪ್ಪ.

“ಕೂತ್ಕೊಳಿ ದೊಡ್ಡಪ್ಪ. ಕಿವಿಯಣ್ಣ ಎಲ್ಲಾ ಹೇಳಿದ್ರಾ?”

“ಅವನು ಹೇಳಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ. ಇಷ್ಟು ವರ್ಷ ಯಾರೂ ಕೇಳದ್ದನ್ನ ಈಗ್ಯಾಕೆ ಕೇಳ್ತಿದ್ದಾರೆ ಮಗು?”

“ಜನರಿಗೆ ನಂಬಿಕೆ ಹೋಗಿದೆ, ಅದಕ್ಕೆ. ಯಾರೋ ಸಾಕಿದ ತೋಳಗಳನ್ನ ಬೇಲಿಯೊಳಗೆ ಬಿಟ್ಟು ಕಾಡಿನದು ಅಂತ ತೋರಿಸಿಬಿಟ್ರು. ಅದು ಹೊರಗೆ ಬಿತ್ತು. ಈಗ ಕಂಪ್ಯೂಟರು ಬೇರೆ ಇಲ್ಲದ ಪ್ರಾಣಿನೇ ಹುಟ್ಟಿಸಿ ಕೊಡುತ್ತೆ. ಅದಕ್ಕೇ ಚಾನೆಲ್‌ನವರು, ಸಾಕ್ಷ್ಯಚಿತ್ರ ಅಂತ ಹೇಳ್ಕೋಬೇಕಾದ್ರೆ ಒಂದೊಂದು ಚಿತ್ರಕ್ಕೂ ಒಂದೊಂದು ಸದ್ದಿಗೂ ಲೆಕ್ಕ ಕೊಡಿ ಅಂತಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತೆ.”

“ಪಕ್ಕದ ಕೋಣೆಗೆ ಹೋಗಿ ನೋಡಿ ಭಾವ,” ಎಂದ ಭಾಮೈದ. “ಅಲ್ಲಿ ಮಕ್ಕಳ ಕಾರ್ಟೂನಿಗೆ ಒಂದು ಕರಡಿ ಬರೀತಿದ್ದಾರೆ. ಅದಕ್ಕೆ ನಾನು ಸೈಕಲ್ ಬೆಲ್ ಹಾಕಿದ್ರೂ ಯಾರೂ ಚಕಾರ ಎತ್ತಲ್ಲ. ಬರೆದ ಕರಡಿಗೆ ಸದ್ದು ಕೊಟ್ರೆ ಕಲೆ, ಬದುಕಿರೋ ಕರಡಿಗೆ ಕೊಟ್ರೆ ಮೋಸ.”

“ಕಾರ್ಟೂನ್ ನೋಡೋರಿಗೆ ಇದು ಬರೆದದ್ದು ಅಂತ ಮೊದಲೇ ಗೊತ್ತು ಕಿವಿಯಣ್ಣ. ನಮ್ಮದು ನೋಡೋರಿಗೆ ನಾವು ಹೇಳಿದ್ರೆ ಮಾತ್ರ ಗೊತ್ತು.”

ನನಗೆ ಇಬ್ಬರ ಮಾತೂ ಸರಿ ಎನ್ನಿಸಿ ತಲೆ ಕೆರೆದುಕೊಂಡೆ. “ಹದ್ದು ರೆಕ್ಕೆ ಬಡಿದದ್ದು ನಿಜ ತಾನೇ?”

“ನಿಜ ದೊಡ್ಡಪ್ಪ.”

“ಬಡಿದಾಗ ಸದ್ದೂ ಬಂದಿರುತ್ತೆ.”

“ಬಂದಿರುತ್ತೆ. ಆದ್ರೆ ಅಪ್ಪನ ಕ್ಯಾಮೆರಾ ಆ ಬೆಟ್ಟದಲ್ಲಿ, ಹದ್ದು ಈ ಬೆಟ್ಟದಲ್ಲಿ. ಕ್ಯಾಮೆರಾ ಕಣ್ಣು ಅಷ್ಟು ದೂರ ಹೋಗುತ್ತೆ, ಮೈಕಿನ ಕಿವಿ ಹೋಗಲ್ಲ. ಬಂದ ಸದ್ದು ಗಾಳೀಲಿ ಹೋಯ್ತು. ನೀವು ಕೇಳೋದು ದೊಡ್ಡಮ್ಮ ಮಾಡಿದ್ದು.”

ಇದನ್ನು ನಾನು ಮನಸ್ಸಿನಲ್ಲಿ ಬಹಳ ಹೊತ್ತು ಹೊರಳಿಸಿದೆ. ನಡೆದದ್ದು ನಿಜ, ಸದ್ದಾದದ್ದು ನಿಜ, ಕೇಳಿಸಿದ್ದು ಮಾತ್ರ ಬೇರೆ. ಇಂಥದಕ್ಕೆ ಸುಳ್ಳು ಎನ್ನಬೇಕೋ ಬೇಡವೋ, ನಾನು ದಿನವೂ ಓದುವ ಗ್ರಂಥದಲ್ಲಿ ಎಲ್ಲೂ ಹೇಳಿಲ್ಲ.

ಕೆಲಸ ಶುರುವಾಯಿತು. ಚಿತ್ರ ಓಡುತ್ತಿತ್ತು, ಅವಳು ಮಾಡಿದ ಸದ್ದು ಬಂದಾಗೆಲ್ಲ ನಾನು ಕೈ ಎತ್ತುತ್ತಿದ್ದೆ. ರೆಕ್ಕೆ ಬಡಿತಕ್ಕೆ ಕೈ ಎತ್ತಿದೆ, ಅದು ನಿಘಂಟುಗಳಿಗೆ ಹಾಕುತ್ತಿದ್ದ ದಪ್ಪ ಚರ್ಮ. ಹಿಮದ ಮೇಲೆ ಮರಿಕರಡಿಯ ಹೆಜ್ಜೆಗೂ ಎತ್ತಿದೆ, ಅದು ಅಡುಗೆಮನೆಯ ಜೋಳದ ಹಿಟ್ಟಿನ ಚೀಲ. ಕರಡಿ ಮರದ ತೊಗಟೆ ಕಿತ್ತದ್ದು ಹಳೆಯ ಪುಸ್ತಕವೊಂದರ ಬೆನ್ನು ಹರಿದದ್ದು. ಯಾವ ಪುಸ್ತಕವೆಂದು ಕೂಡ ನನಗೆ ನೆನಪಿತ್ತು. ನಾನು ಬೇಡವೆಂದರೂ ಕೇಳದೆ ಹರಿದಿದ್ದಳು.

“ನಿಮ್ಮ ಅಂಗಡೀನೆಲ್ಲಾ ಕಾಡಿಗೆ ಸಾಗಿಸಿಬಿಟ್ಟಿದ್ಲಲ್ಲ ಭಾವ!”

“ಲಾಭ ಅಂತ ಏನಾದ್ರೂ ಬಂದಿದ್ರೆ ಕೇಳು, ಅಂಟಿಗೇ ಹೋಯ್ತು.”

ನಾವು ಮೂವರೂ ನಗುತ್ತಿದ್ದೆವು. ಅವಳು ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಅವಳು ಪಕ್ಕದಲ್ಲೇ ಕೂತಂತೆ ಇತ್ತು. ಚಹಾ ಕುಡಿಯುವಾಗ ಭಾಮೈದ ಹದ್ದಿನ ದೃಶ್ಯಕ್ಕೆ ಹಿಂದಿರುಗಿದ. “ಈಗ ಇದನ್ನ ಕೇಳಿ.” ಹದ್ದು ಹಾರಿತು. ರೆಕ್ಕೆಯ ಸದ್ದು ತೆಳ್ಳಗೆ, ಸೀಟಿಯಂತೆ, ಬೇರೆಯೇ ಆಗಿತ್ತು.

“ಚರ್ಮ ಎಲ್ಲಿ ಹೋಯ್ತು?”

“ತೆಗೆದೆ. ಇದು ನಿಜವಾದದ್ದು. ಈಗ ಬೆರಳಿನ ಉಗುರಿನಷ್ಟು ಮೈಕುಗಳು ಬಂದಿವೆ. ಡೈರೆಕ್ಟರಮ್ಮ ಹೋದ ವರ್ಷವೆಲ್ಲಾ ಕಾಡಲ್ಲೇ ಬಿದ್ದಿದ್ದು ಅದನ್ನೇ ತಂದಿರೋದು. ನೀವು ಅಕ್ಕನದು ಅಂತ ತೋರಿಸಿದ್ದೆಲ್ಲ ಹೊರಗೆ, ಇದು ಒಳಗೆ.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಾನು ಇಡೀ ದಿನ ಸಂಭ್ರಮದಿಂದ ಬೆರಳು ಮಾಡಿ ತೋರಿಸಿದ್ದು ಇದಕ್ಕೋ?

ನನ್ನ ಮುಖ ನೋಡಿ ಅವನಿಗೆ ಪಿಚ್ಚೆನಿಸಿರಬೇಕು. “ಹಳೇದನ್ನ ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀನಿ ಬಿಡಿ ಭಾವ. ಮನೇಲಿ ಕೇಳ್ಕೊಳ್ಳಿ,” ಎಂದ.

ಬೀರುವಿನಲ್ಲಿಟ್ಟ ಭಾವಚಿತ್ರಗಳು ನನ್ನಲ್ಲಿ ಬೇಕಾದಷ್ಟಿವೆ. ನನಗೆ ಬೇಕಾದದ್ದು ಅದಲ್ಲ. ಅವಳು ಮಾಡಿದ ಸದ್ದನ್ನು ಗುರುತಿಲ್ಲದ ಜನ ಕತ್ತಲಲ್ಲಿ ಕೂತು ಕೇಳುತ್ತಾರಲ್ಲ, ಕೇಳಿ ಬೆರಗಾಗುತ್ತಾರಲ್ಲ, ಅದು ನನಗೆ ಬೇಕಾಗಿತ್ತು. ಅದರಲ್ಲೂ ಒಂದು ಸದ್ದು. ಅದು ಇನ್ನೂ ಬಂದಿರಲಿಲ್ಲ. ಮಾರನೆಯ ದಿನದ ಭಾಗದಲ್ಲಿತ್ತು.

ಚಳಿಗಾಲದಲ್ಲಿ ತಾಯಿಕರಡಿ ಗುಹೆಯೊಳಗೆ ಮರಿಯನ್ನು ತಬ್ಬಿಕೊಂಡು ಮಲಗುತ್ತದೆ. ಗುಹೆಯ ಕಿಂಡಿಯಿಂದ ತೆಗೆದ ಚಿತ್ರ ಅದು. ಅರೆಗತ್ತಲು, ಏರಿಳಿಯುವ ಕಪ್ಪು ಬೆನ್ನು, ಮತ್ತು ಉಸಿರು. ಬೇರೇನೂ ಇಲ್ಲ. ಆ ಉಸಿರು ಕೇಳುತ್ತಿದ್ದಂತೆ ಥಿಯೇಟರಿನಲ್ಲಿ ಕೂತವರೆಲ್ಲ ತಮ್ಮ ಉಸಿರನ್ನೂ ಮೆಲ್ಲಗೆ ಮಾಡಿಕೊಳ್ಳುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ. ಮೈಕನ್ನು ಕೋಲಿಗೆ ಕಟ್ಟಿ ಗುಹೆಯೊಳಗೆ ತಳ್ಳಿ ಅದನ್ನು ಹಿಡಿದೆ ಎಂದು ಹಳೆಯ ನಿರ್ದೇಶಕ ಹೋದಲ್ಲೆಲ್ಲ ಹೇಳುತ್ತಿದ್ದ. ಆ ಮಾತಿನಿಂದಲೇ ಅವನಿಗೆ ಅರ್ಧ ಹೆಸರು ಬಂದದ್ದು.

ಅದು ನನ್ನ ಹೆಂಡತಿಯ ಉಸಿರು. ಅವಳು ಅದನ್ನು ಮಾಡಿದ ದಿನ ನಾನು ಊಟದ ಡಬ್ಬಿ ಹಿಡಿದು ಇದೇ ಕೋಣೆಯ ಹೊರಗೆ ಕಾಯುತ್ತಿದ್ದೆ. ಬಾಗಿಲ ಮೇಲಿನ ಕೆಂಪು ದೀಪ ಆರುವ ಹೊತ್ತಿಗೆ ಅನ್ನ ತಣ್ಣಗಾಗಿತ್ತು. ಹೊರಗೆ ಬಂದವಳಿಗೆ ತಲೆ ಸುತ್ತುತ್ತಿತ್ತು. ಗೋಡೆ ಹಿಡಿದು ಕೂತು, “ಕರಡಿಯಾಗಿ ಹೋಗಿ ಬಂದೆ. ಇನ್ನು ಸ್ವಲ್ಪ ಹೊತ್ತು ನನ್ನನ್ನ ಮಾತಾಡಿಸಬೇಡಿ,” ಎಂದಿದ್ದಳು. ಇದು ನಿರ್ದೇಶಕಿಗೆ ಗೊತ್ತಿರಲಿಲ್ಲ. ಭಾಮೈದನಿಗೂ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ. ಹಾಗಾದರೆ ಉಳಿದವನು ನಾನೊಬ್ಬ. ನಾನು ಕೈ ಎತ್ತದಿದ್ದರೆ ಆ ಉಸಿರು ಕರಡಿಯದಾಗಿಯೇ ಉಳಿಯುತ್ತದೆ. ಜಗತ್ತಿನ ತುಂಬ ಕತ್ತಲ ಕೋಣೆಗಳಲ್ಲಿ ಉಸಿರಾಡುತ್ತದೆ. ಎತ್ತಿದರೆ ಪೆನ್‌ಡ್ರೈವ್‌ಗೆ ಹೋಗುತ್ತದೆ.

ಮಾರನೆಯ ಬೆಳಿಗ್ಗೆ ಪ್ರಾರ್ಥನೆಗೆ ಕೂತೆ. ‘ನನ್ನ ನಾಲಗೆಯನ್ನು ಸತ್ಯದಲ್ಲಿ ನಡೆಸು’ ಎಂದು ಒಂದು ಸಾಲಿದೆ. ಬಾಯಿಪಾಠವಾದ ಸಾಲು, ಅರ್ಧ ನಿದ್ದೆಯಲ್ಲೂ ಬರುತ್ತದೆ. ಅವತ್ತು ಬರಲಿಲ್ಲ. ನಾಲಗೆಯ ಮಾತು ಹಾಗಿರಲಿ, ಸುಮ್ಮನಿರುವವನ ನಾಲಗೆಯ ಲೆಕ್ಕ ಏನು ಎಂದು ದೇವರನ್ನೇ ಕೇಳಿದೆ. ಕೇಳುವಾಗಲೇ ನನಗೆ ನಾಚಿಕೆಯಾಯಿತು; ಇದು ಪ್ರಾರ್ಥನೆಯಲ್ಲ, ವಕೀಲನ ಮಾತು. ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಮುಗಿಸಿ ಎದ್ದೆ.

ಸ್ಟುಡಿಯೊದಲ್ಲಿ ಗುಹೆಯ ದೃಶ್ಯ ಬಂದಾಗ ನಿರ್ದೇಶಕಿ ತಾನೇ ಹೇಳಿಬಿಟ್ಟಳು. “ಇದನ್ನ ಕೇಳೋದೇ ಬೇಡ. ಅಪ್ಪ ಗುಹೇಲೇ ಹಿಡಿದದ್ದು. ಮುಂದಕ್ಕೆ ಹೋಗೋಣ ಅಲ್ವಾ ದೊಡ್ಡಪ್ಪ?”

ಬಟ್ಟಲಲ್ಲಿಟ್ಟು ಕೈಗೇ ಕೊಟ್ಟಂತಾಯಿತು. ಹೂಂ ಎನ್ನಬೇಕಾಗಿಯೂ ಇರಲಿಲ್ಲ, ತಲೆ ಆಡಿಸಿದರೆ ಸಾಕಿತ್ತು. ಭಾಮೈದನ ಕಡೆ ನೋಡಿದೆ. ಅವನು ಕಂಪ್ಯೂಟರಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

“ಇನ್ನೊಂದು ಸಲ ಹಾಕು,” ಎಂದೆ.

ಹಾಕಿದ. ಮೆತ್ತನೆಯ, ನಿಧಾನವಾದ ಉಸಿರು. ಕೊನೆಯಲ್ಲಿ ಒಂದಿಷ್ಟು ನಡುಕ. ಅವಳದೇ ಎಂದು ಗೊತ್ತಿದ್ದರೂ, ಗೊತ್ತಿಲ್ಲದೆ ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಅಷ್ಟು ವರ್ಷ ಪಕ್ಕದಲ್ಲಿ ಮಲಗಿದವಳ ಉಸಿರನ್ನು ನಾನು ಎಂದಾದರೂ ಕಿವಿಗೊಟ್ಟು ಕೇಳಿದ್ದೆನೇ? ಮತ್ತೊಂದು ಸಲ ಹಾಕಿಸಿದೆ. ಆಗ ಯಾವ ಉದ್ದೇಶವೂ ಇಲ್ಲದೆ, ಬರೀ ತಿಳಿಯುವ ಆಸೆಯಿಂದ ಒಂದು ಪ್ರಶ್ನೆ ಬಾಯಿಗೆ ಬಂತು.

“ಮಗು, ಕರಡಿ ನಿದ್ದೆಯಲ್ಲಿ ಹೇಗೆ ಉಸಿರಾಡುತ್ತೆ?”

“ಹೀಗೇ. ಕೇಳಿದ್ರಲ್ಲ.”

“ಅಲ್ಲ, ನೀನೂ ಕಾಡಿಗೆ ಹೋಗಿದ್ದೆಯಲ್ಲ. ನೀನು ಹಿಡಿದು ತಂದದ್ದು ಇಲ್ವಾ?”

ಅವಳು ಸ್ವಲ್ಪ ಯೋಚಿಸಿದಳು. “ಒಂದು ಗುಹೇಲಿ ಮೈಕ್ ಇಟ್ಟಿದ್ದೆ. ಇರಲಿ ಅಂತ. ಅಪ್ಪನದು ಇದ್ದದ್ದರಿಂದ ಅದನ್ನ ಇನ್ನೂ ತೆರೆದೇ ನೋಡಿಲ್ಲ. ಯಾಕೆ ದೊಡ್ಡಪ್ಪ?”

“ಹಾಕು. ಕೇಳಬೇಕು ಅನ್ನಿಸ್ತಿದೆ.”

ಭಾಮೈದ ಹುಡುಕಿ ಹಾಕಿದ. ಮೊದಲು ಏನೂ ಇಲ್ಲ. ಆಮೇಲೆ ಗೊರ್ರ್ ಎಂದು ಶುರುವಾಗಿ, ನಡುವೆ ಎಲ್ಲೋ ಸಿಕ್ಕಿಕೊಂಡು, ಬಿಡಿಸಿಕೊಂಡು, ಕೊನೆಗೆ ಪುಸ್ ಎಂದು ತುಟಿ ಬಿಚ್ಚಿದಂತೆ ಮುಗಿಯಿತು. ಮತ್ತೊಮ್ಮೆ ಗೊರ್ರ್. ಅಪ್ಪಟ ಗೊರಕೆ. ಊಟ ಮಾಡಿ ಬೆಂಚಿನ ಮೇಲೆ ಉರುಳಿದ ಮುದುಕನ ಗೊರಕೆ.

ನಿರ್ದೇಶಕಿ ಬಾಯಿಗೆ ಕೈ ಅಡ್ಡ ಹಿಡಿದಳು. ಭಾಮೈದ ಹೊಟ್ಟೆ ಹಿಡಿದುಕೊಂಡು ಬಗ್ಗಿದ.

“ಭಾವ! ಇದು ನೀವೇ! ದೇವರಾಣೆ ನೀವೇ! ಅಕ್ಕ ಆವತ್ತೇ ಹೇಳಿದ್ಲು, ಮೊದಲು ನಿಮ್ಮ ಗೊರಕೆಯನ್ನೇ ಮಾಡಿ ತೋರಿಸಿದ್ರೆ ಇವಳಪ್ಪ ಬೇಡ ಅಂದುಬಿಟ್ಟರು, ಕರಡಿ ಹೀಗೆಲ್ಲ…”

ನಾಲಗೆ ಕಚ್ಚಿಕೊಂಡ.

“ಬೇಡ ಅಂದ್ರು ಅಂದ್ರೆ?” ನಿರ್ದೇಶಕಿ ನಿಧಾನವಾಗಿ ಕೇಳಿದಳು. “ಏನು ಬೇಡ ಅಂದ್ರು?”

“ಏನಿಲ್ಲ ಬಿಡು, ತಮಾಷೆಗೆ ಅಂದೆ.” ಅವನು ನನ್ನನ್ನೇ ನೋಡುತ್ತಿದ್ದ. ಆಗ ತಿಳಿಯಿತು. ಇವನಿಗೂ ಮೊದಲಿನಿಂದ ಗೊತ್ತು. ಅಕ್ಕ ತಮ್ಮನಿಗೆ ಹೇಳದೆ ಇರುತ್ತಾಳೆಯೇ? ಗೊತ್ತಿದ್ದೂ, ಭಾವ ಸುಮ್ಮನಿದ್ದರೆ ತಾನೂ ಸುಮ್ಮನಿರೋಣ ಎಂದು ಗಾಜು ಒರೆಸಿಕೊಂಡು ಕೂತಿದ್ದ.

ನಿರ್ದೇಶಕಿ ನಮ್ಮಿಬ್ಬರ ಮುಖವನ್ನೂ ಓದಿದಳು. ಜಾಣ ಹುಡುಗಿ. ಆದರೆ ಓದಿದ್ದನ್ನು ಜೋರಾಗಿ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, “ಹಾಗಾದ್ರೆ ತಮಾಷೆ ಅಂತಾನೇ ಇಟ್ಕೊಳ್ಳೋಣ,” ಎಂದಳು. “ಮುಂದಿನ ದೃಶ್ಯ ಹಾಕಿ ಕಿವಿಯಣ್ಣ.”

ಮೂವರಿಗೂ ಬೇಕಾದದ್ದು ಒಂದೇ ಆಗಿತ್ತು. ಹುಡುಗಿಗೆ ಅಪ್ಪನ ಮಾತು ಉಳಿಯಬೇಕು, ಅವನಿಗೆ ಅಕ್ಕ ಉಳಿಯಬೇಕು, ನನಗೆ ಅವಳು. ಯಾರೂ ಕೇಳುವವರಿಲ್ಲ. ನಾನು ಎದ್ದು ಮನೆಗೆ ಹೋಗಬಹುದಿತ್ತು. ಏಳಲು ಕುರ್ಚಿಯ ಕೈ ಹಿಡಿದೆ ಕೂಡ. ಆದರೆ ಬೆಳಿಗ್ಗೆ ಬಿಟ್ಟುಬಂದ ಸಾಲು ನೆನಪಾಯಿತು. ಇಂದಿನಿಂದ ದಿನವೂ ಅದನ್ನು ಬಿಟ್ಟೇ ಮುಂದಕ್ಕೆ ಹೋಗಬೇಕಲ್ಲ, ಹಾಗೆ ಬಿಡುತ್ತಾ ಬಿಡುತ್ತಾ ಕೊನೆಗೆ ಏನು ಉಳಿಯುತ್ತದೆ?

ಕೈ ಎತ್ತಿದೆ.

“ಗುಹೆಯ ಉಸಿರು ಅವಳದು ಮಗು. ಆ ದಿನ ನಾನು ಈ ಬಾಗಿಲ ಹೊರಗೇ ಇದ್ದೆ.”

ಊಟದ ಡಬ್ಬಿ, ಕೆಂಪು ದೀಪ, ತಲೆಸುತ್ತು, ಎಲ್ಲವನ್ನೂ ಹೇಳಿದೆ. ನಿರ್ದೇಶಕಿ ತಲೆ ತಗ್ಗಿಸಿ ಕೇಳಿದಳು. “ಮತ್ತೆ ಆ ಕೋಲು?” ಎಂದಳು. “ಕೋಲಿಗೆ ಮೈಕ್ ಕಟ್ಟಿ ಗುಹೆಯೊಳಗೆ ತಳ್ಳಿದ ಕತೆ? ನನಗೆ ಮಲಗಿಸುವಾಗೆಲ್ಲ ಹೇಳ್ತಿದ್ರು.”

“ತಳ್ಳಿದ್ದು ನಿಜವೇ ಇರಬೇಕು,” ಎಂದ ಭಾಮೈದ. “ಏನೂ ಸಿಕ್ಕಿರಲ್ಲ ಅಷ್ಟೆ. ಆಗಿನ ಮೈಕಿಗೆ ಗಾಳಿ ಬಿಟ್ಟು ಬೇರೇನೂ ಕೇಳಿಸ್ತಿರಲಿಲ್ಲ.”

“ಸಮಾಧಾನ ಮಾಡ್ಬೇಡಿ ಕಿವಿಯಣ್ಣ.” ಕಣ್ಣು ಒರೆಸಿಕೊಂಡಳು. ಆಮೇಲೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯದೆ ಕರಡಿಯ ಮೇಲೆ ತಿರುಗಿತು. “ಈಗ ಈ ಗೊರಕೆ ಹಾಕಿದ್ರೆ ಜನ ನಗ್ತಾರೆ! ಇಡೀ ಸಿನಿಮಾದಲ್ಲಿ ಮನಸ್ಸು ಮುಟ್ಟೋ ದೃಶ್ಯ ಇದೊಂದೇ. ಇದೇ ತಮಾಷೆಯಾಗಿಹೋಗುತ್ತೆ.”

“ಹಾಗಾದ್ರೆ ಕಂಪ್ಯೂಟರನ್ನೇ ಕೇಳೋಣ ತಡಿ,” ಎಂದ ಭಾಮೈದ. “ಈಗ ಎಲ್ಲರೂ ಅದನ್ನೇ ಮಾಡ್ತಿರೋದು. ಹೇಳಿದ ಸದ್ದು ಹುಟ್ಟಿಸಿ ಕೊಡುತ್ತೆ.”

“ಅದು ಇನ್ನೂ ದೊಡ್ಡ ಸುಳ್ಳು.”

“ಹಾಕೋಕಲ್ಲ, ನೋಡೋಕೆ.”

ನನಗೂ ನೋಡುವ ಕುತೂಹಲ. ಅವನು ಎರಡು ಬೆರಳಲ್ಲಿ ಕುಟ್ಟಿದ: ಕರಡಿ, ಚಳಿಗಾಲ, ಗುಹೆ, ನಿದ್ದೆ. ಚಹಾ ಆರುವ ಮೊದಲೇ ಯಂತ್ರ ಒಂದು ಉಸಿರನ್ನು ಕೊಟ್ಟಿತು. ಮೆತ್ತನೆಯ, ನಿಧಾನವಾದ ಉಸಿರು. ಕೊನೆಯಲ್ಲಿ ಒಂದಿಷ್ಟು ನಡುಕ.

ನಾನು ಯಂತ್ರದ ಕಡೆ ಬಾಗಿದೆ. “ಇದು ಅವಳೇ ಅಲ್ವೇನಯ್ಯ?”

“ಅಲ್ಲ ಭಾವ. ಆದ್ರೆ ಅಲ್ಲ ಅಂತಲೂ ಹೇಳೋಕಾಗಲ್ಲ.” ಅವನೂ ಬೆರಗಾಗಿದ್ದ. “ಇದು ಕಾಡಿಗೆ ಹೋಗಿ ಕಲಿತದ್ದಲ್ಲ. ಹಳೇ ಸಿನಿಮಾಗಳನ್ನೆಲ್ಲ ಕೇಳಿ ಕಲಿತದ್ದು. ಆ ಸಿನಿಮಾಗಳ ಕರಡಿಗಳೆಲ್ಲ ಇಂಥ ಕೋಣೆಗಳಲ್ಲೇ ಉಸಿರಾಡಿದ್ದು. ಅಕ್ಕ ಒಬ್ಬಳೇ ಅಲ್ಲ. ಊರೂರಲ್ಲೂ ಒಬ್ಬೊಬ್ಬಳು ಅಕ್ಕ ಇದ್ದಳು.”

ಗುರುತು ಪರಿಚಯವಿಲ್ಲದ ಎಷ್ಟೋ ಹೆಂಗಸರು, ಗಂಡಸರು, ಕತ್ತಲ ಕೋಣೆಗಳಲ್ಲಿ ಮೈಕಿನ ಮುಂದೆ ಕಣ್ಣು ಮುಚ್ಚಿ ಕರಡಿಗಳಾಗಿ ಉಸಿರಾಡುವುದು ನನ್ನ ಕಣ್ಣಿಗೆ ಕಟ್ಟಿತು. ಅವರಲ್ಲಿ ಯಾರೂ ನಿದ್ದೆ ಮಾಡುವ ಕರಡಿಯನ್ನು ಕೇಳಿದವರಲ್ಲ. ಆದರೂ ಎಲ್ಲರೂ ಒಂದೇ ಕರಡಿಯನ್ನು ಊಹಿಸಿದ್ದರು. ಅಥವಾ ಎಲ್ಲರಿಗೂ ಒಬ್ಬೊಬ್ಬ ನಿರ್ದೇಶಕ, ಹಾಗಲ್ಲ, ಹೀಗೆ, ಮೆತ್ತಗೆ ಎಂದಿದ್ದನೋ ಏನೋ.

“ಅವಳು ಮೊದಲು ಏನು ಮಾಡಿದ್ಲು ಅಂದೆ?” ಎಂದು ಭಾಮೈದನನ್ನು ಕೇಳಿದೆ. “ಪೂರ್ತಿ ಹೇಳು.”

ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. “ಕರಡಿ ಹೇಗೆ ನಿದ್ದೆ ಮಾಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲವಲ್ಲ. ಅಕ್ಕ ಯೋಚಿಸಿದ್ಲಂತೆ. ದಪ್ಪ ಮೈ, ಹೊಟ್ಟೆ ತುಂಬ ತಿಂದಿದೆ, ಯಾರ ಭಯವೂ ಇಲ್ಲ, ಪಕ್ಕದಲ್ಲಿ ತನ್ನವರಿದ್ದಾರೆ. ಅಂಥದು ಹೇಗೆ ಮಲಗುತ್ತೆ? ನಮ್ಮ ಮನೇಲೇ ಒಂದಿದೆಯಲ್ಲ ಅಂದ್ಕೊಂಡ್ಲಂತೆ. ಎಚ್ಚರವಾಗಿದ್ದು ನಿಮ್ಮನ್ನೇ ಕೇಳಿ ಕೇಳಿ ಕಲಿತು, ಇಲ್ಲಿ ಬಂದು ಹಾಗೇ ಮಾಡಿದ್ಲು. ಇವಳಪ್ಪ ಬಿದ್ದೂ ಬಿದ್ದೂ ನಕ್ಕು, ಅಮ್ಮಾ ತಾಯಿ, ನನಗೆ ಕರಡಿ ಬೇಕು, ನಿನ್ನ ಗಂಡ ಬೇಡ ಅಂದ್ರಂತೆ. ಆಮೇಲೆ ಮಾಡಿದ್ದು ಆ ಮೆತ್ತನೆ ಉಸಿರು. ಅಕ್ಕನಿಗೆ ಅದು ಕೊನೆವರೆಗೂ ಹಿಡಿಸಲಿಲ್ಲ. ಅದು ಕರಡಿಯಲ್ಲ, ಜ್ವರ ಬಂದ ಹುಡುಗಿ ಅನ್ನೋಳು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ನಾಚಿಕೊಂಡು ಮಗ್ಗುಲಾಗಿ ಮಲಗೋಕೆ ಶುರು ಮಾಡ್ತೀರಿ, ಗೊರಕೆ ನಿಂತುಹೋಗುತ್ತೆ ಅಂತ.”

ಕನ್ನಡಕ ತೆಗೆದು ಒರೆಸಿಕೊಂಡೆ. ನಿರ್ದೇಶಕಿ ಎದ್ದು ಹೋಗಿ ನೀರು ತಂದುಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ಲೋಟಕ್ಕಾಗಿ ಕಾಯುತ್ತಾ ಅಲ್ಲೇ ನಿಂತಿದ್ದಳು.

“ಏನು ಮಾಡ್ಲಿ ದೊಡ್ಡಪ್ಪ? ನೀವೇ ಹೇಳಿ.”

“ನಿನ್ನ ಸಿನಿಮಾ ಮಗು.”

“ಗೊತ್ತು. ಆದ್ರೂ ಹೇಳಿ.”

“ನಿಜವಾದದ್ದನ್ನೇ ಹಾಕು. ಅವಳು ಮೊದಲು ಮಾಡಿದ್ದೇ ಸರಿಯಾಗಿತ್ತಲ್ಲ. ಜನ ನಕ್ಕರೆ ನಗಲಿ.”

ಅವಳು ಬಹಳ ಹೊತ್ತು ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದಳು. ಆಮೇಲೆ ಭಾಮೈದನ ಪಕ್ಕ ಕೂತು, “ತೆಗೀರಿ,” ಎಂದಳು. ಅವನು ಒಂದು ಗುಂಡಿ ಒತ್ತಿದ. ಗುಹೆಯಲ್ಲಿ ಕಪ್ಪು ಬೆನ್ನು ಏರಿತು, ಇಳಿಯಿತು. ಸದ್ದಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಮಾರನೆಯ ಬೆಳಿಗ್ಗೆ ಆ ಸಾಲು ತಾನಾಗಿ ಬಂತು. ಬಂದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಅವಳ ಹಾಸಿಗೆಯ ಕಡೆ ನೋಡಿ, ನಿನ್ನನ್ನು ತೆಗೆಸಿ ಬಂದೆನಲ್ಲೇ ಎಂದೆ.

ಚಿತ್ರದ ಮೊದಲ ಪ್ರದರ್ಶನಕ್ಕೆ ಭಾಮೈದ ನನ್ನನ್ನು ಕರೆದುಕೊಂಡು ಹೋದ. ಹೆಸರುಗಳಿಗೂ ಮುಂಚೆ ಎರಡು ಸಾಲು ಬಂತು: ಹಳೆಯ ಪ್ರತಿಯಲ್ಲಿ ಪ್ರಾಣಿಗಳ ಸದ್ದುಗಳನ್ನು ಕೋಣೆಯಲ್ಲಿ ಕೈಯಿಂದ ಮಾಡಲಾಗಿತ್ತು, ಗುಹೆಯ ಉಸಿರೂ ಸೇರಿ, ಮಾಡಿದವರು ಇವರು. ಅದರ ಕೆಳಗೆ ಅವಳ ಹೆಸರು. ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿತು. ತನ್ನ ತಂದೆಯ ಕತೆಯನ್ನು ಆ ಹುಡುಗಿ ತಾನೇ ಅಳಿಸಿದ್ದಳು. ಅದನ್ನು ಬರೆಯುವಾಗ ಅವಳಿಗೆ ಹೇಗಾಗಿರಬೇಕು ಎಂದು ನಾನು ಹದ್ದು ಹಾರುವವರೆಗೂ ಯೋಚಿಸುತ್ತಿದ್ದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು, ಅವಳ ಆಚೆ ಅವಳ ಗಂಡ. ಅವಳದು ಪಿಸುಮಾತಿನಲ್ಲೂ ಊರಿಗೆಲ್ಲ ಕೇಳುವ ಗಂಟಲು. ಗುಹೆಯ ದೃಶ್ಯ ಬಂತು. ಗೊರ್ರ್ ಎಂದಿತು. ಥಿಯೇಟರಿನಲ್ಲಿ ಕಿಸಕ್ಕನೆ ನಗು ಎದ್ದಿತು.

“ಏನ್ರೀ ಇದು,” ಎಂದಳು ಆ ಹೆಂಗಸು. “ಕರಡಿ ಎಲ್ಲಾದ್ರೂ ಹೀಗೆ ಗೊರಕೆ ಹೊಡೆಯುತ್ತಾ? ಯಾರೋ ಮುದುಕನ್ನ ಮಲಗಿಸಿ ರೆಕಾರ್ಡ್ ಮಾಡಿದ್ದಾರೆ. ಎಲ್ಲಾ ಬರೀ ಮೋಸ.”

“ಸುಮ್ನಿರೇ,” ಎಂದ ಗಂಡ.

ನಾನು ಅವಳ ಕಡೆ ಬಾಗಿ, “ಇಲ್ಲಮ್ಮ, ಕರಡಿಯೇ,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗೆ ಹೇಗೆ ಗೊತ್ತು? ನೀವು ಹೋಗಿ ಮಲಗಿದ್ರಾ ಪಕ್ಕದಲ್ಲಿ?”

ಭಾಮೈದ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ.

ಗೊರಕೆ ಮುಂದುವರಿಯಿತು. ಒಂದು ಸಲ, ಎರಡು ಸಲ. ನಗು ಕಡಿಮೆಯಾಯಿತು. ಆಮೇಲೆ ಕರಡಿಯ ಉಸಿರು ನಿಂತಿತು.

ಚಳಿಗಾಲದ ನಿದ್ದೆಯಲ್ಲಿ ಕರಡಿ ಒಂದುಸಿರಿಗೂ ಇನ್ನೊಂದುಸಿರಿಗೂ ನಡುವೆ ಬಹಳ ಹೊತ್ತು ಬಿಡುತ್ತದಂತೆ. ಸ್ಟುಡಿಯೊದಲ್ಲಿ ನಾವು ನಗುವಿನಲ್ಲಿ ಅಲ್ಲಿಯವರೆಗೂ ಕೇಳಿಯೇ ಇರಲಿಲ್ಲ. ನಿರ್ದೇಶಕಿ ಆ ಬಿಡುವನ್ನು ಒಂದಿಷ್ಟೂ ಕತ್ತರಿಸದೆ, ಅಪ್ಪ ಆಗ ಬಳಸದೆ ಬಿಟ್ಟಿದ್ದ ಚಿತ್ರವನ್ನು ಅದಕ್ಕೆ ಕೂಡಿಸಿ ಇಟ್ಟಿದ್ದಳು. ಕಪ್ಪು ಬೆನ್ನು ಇಳಿದದ್ದು ಇಳಿದೇ ಇತ್ತು. ಮರಿ ತಾಯಿಯ ಎದೆಯಲ್ಲಿ ಮುಖ ಹುದುಗಿಸಿತ್ತು. ಸದ್ದಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ನಾನು ಹೀಗೆಯೇ ಕೂತಿದ್ದೆ. ಒಂದು ಉಸಿರಾದ ಮೇಲೆ ಇನ್ನೊಂದಕ್ಕೆ ಕಾಯುತ್ತಿದ್ದೆ. ಬರುತ್ತಿತ್ತು, ಬಂದಾಗೆಲ್ಲ ದೇವರಿಗೆ ಕೈ ಮುಗಿಯುತ್ತಿದ್ದೆ. ಒಂದು ಸಲ ಕೈ ಮುಗಿದೇ ಕಾಯುತ್ತಿದ್ದೆ, ಬರಲಿಲ್ಲ. ಈಗ ಆ ಕತ್ತಲಲ್ಲಿ ನನ್ನ ಬೆರಳುಗಳು ತಾವಾಗಿಯೇ ಕೂಡಿಕೊಂಡವು. ಕೆಮ್ಮುವವರಿಲ್ಲ, ಕಾಗದ ಸರಿಸುವವರಿಲ್ಲ. ಅಷ್ಟು ಜನ ಒಬ್ಬರೂ ಅಲುಗಾಡದೆ ಒಂದು ಪ್ರಾಣಿಯ ಉಸಿರಿಗಾಗಿ ಕಾಯುತ್ತಿದ್ದರು. ಪಕ್ಕದ ಹೆಂಗಸು ಕುರ್ಚಿಯ ಕೈಯೆಂದು ತಿಳಿದು ನನ್ನ ಮುಂಗೈಯನ್ನೇ ಗಟ್ಟಿಯಾಗಿ ಹಿಡಿದಿದ್ದಳು. ನಾನು ಬಿಡಿಸಿಕೊಳ್ಳಲಿಲ್ಲ.

ಬೆನ್ನು ಏರಿತು. ಗೊರ್ರ್ ಎಂದಿತು.

“ಸದ್ಯ, ಬಂತು,” ಎಂದಳು ಅವಳು, ಇಡೀ ಥಿಯೇಟರಿಗೆ ಕೇಳುವ ಹಾಗೆ.